ಓರೆ ಗಿಡಗಳ ಕಾವಲು

ಕೋಡಿಹಳ್ಳಿಯ ರಾಮಲಿಂಗಯ್ಯನಿಗೆ ಸೊಟ್ಟಗಿರುವ ಯಾವುದನ್ನು ಕಂಡರೂ ಆಗುತ್ತಿರಲಿಲ್ಲ. ರಾಗಿ ಪೈರು ನೆಡಿಸುವಾಗ ಹೊಲದ ಈ ತುದಿಯಿಂದ ಆ ತುದಿಗೆ ಹುರಿ ಕಟ್ಟಿಸುತ್ತಿದ್ದ. ಗೋಡೆಯ ಮೇಲಿನ ಕ್ಯಾಲೆಂಡರ್ ಒಂದು ಬೆರಳು ವಾಲಿದ್ದರೆ ತಟ್ಟೆಯ ಮುಂದಿನಿಂದ ಎಂಜಲು ಕೈಯಲ್ಲೇ ಎದ್ದು ಹೋಗಿ ಮೊಣಕೈಯಿಂದ ಸರಿಮಾಡಿ ಬರುತ್ತಿದ್ದ. ನೆಂಟರ ಮನೆಗೆ ಹೋದರೂ ಅಷ್ಟೇ, ಬಾಗಿಲಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಸಾಲಿಗಿಟ್ಟ ಮೇಲೆಯೇ ಒಳಗೆ ಕಾಲಿಡುವುದು. ಇಂಥವನ ಬಗ್ಗೆ ದಾಯಾದಿ ಬೋರಲಿಂಗಯ್ಯ ನಾಲ್ಕು ವರ್ಷದ ಹಿಂದೆ ಒಂದು ಮದುವೆಯ ಪಂಕ್ತಿಯಲ್ಲಿ ಕೂತು, "ಈ ಸಲ ನಮ್ ರಾಮ್ಲಿಂಗನ ರಾಗಿ ಸಾಲು ನೋಡುದ್ರಾ? ಎತ್ತು ಉಚ್ಚೆ ಹುಯ್ದಂಗೈತೆ" ಅಂದುಬಿಟ್ಟಿದ್ದ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕಿದ್ದರು. ಅವತ್ತಿನಿಂದ ಇಬ್ಬರಿಗೂ ಮಾತಿರಲಿಲ್ಲ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಕೋಡಿಹಳ್ಳಿಗೆ ಬಂದರು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವುದು ಆಲೆ ಮರದಲ್ಲಿ. ಬೇಲಿ, ಬದುಗಳಲ್ಲಿದ್ದ ಆಲೆ ಮರಗಳು ಕಡಿದು ಮುಗಿಯುತ್ತ ಬಂದಿದ್ದವು. ಹೊಸದಾಗಿ ನೆಡೋಣವೆಂದರೆ ಎಲ್ಲ ಆಲೆಯೂ ಬೊಂಬೆಗೆ ಒಗ್ಗುವುದಿಲ್ಲ. ಕೆಲವು ಸೀಳುತ್ತವೆ, ಕೆಲವು ಒಣಗಿದ ಮೇಲೆ ಬಾಗುತ್ತವೆ, ಅದು ಗೊತ್ತಾಗುವ ಹೊತ್ತಿಗೆ ನೆಟ್ಟವನಿಗೆ ವಯಸ್ಸಾಗಿರುತ್ತದೆ. ಗಿಡ ಇನ್ನೂ ಮೊಳದುದ್ದ ಇರುವಾಗಲೇ ಅದರ ಮರ ಮುಂದೆ ಎಂಥದ್ದಾಗುತ್ತದೆಂದು ಅಳತೆ ಮಾಡಿ ಹೇಳಲು ಬರುತ್ತದೆಯೇ ಎಂದು ನೋಡುವುದು ಸಂಸ್ಥೆಯವರ ಕೆಲಸ. ಕನಕಪುರ, ಮಾಗಡಿ, ಚನ್ನಪಟ್ಟಣ, ರಾಮನಗರದ ಸುತ್ತಿನ ಹನ್ನೆರಡು ಮರಗಳಿಂದ ಬೀಜ ತಂದು, ಒಂದೊಂದು ಮರದ್ದು ನಲವತ್ತು ಗಿಡದಂತೆ ಬೆಳೆಸಬೇಕಿತ್ತು. ಅದಕ್ಕೆ ರಸ್ತೆ ಬದಿಯಲ್ಲಿ, ಬೋರ್‌ವೆಲ್ ನೀರಿರುವ ಜಾಗ ಹುಡುಕುತ್ತಿದ್ದರು.

ರಾಮಲಿಂಗಯ್ಯ ತನ್ನ ಮನೆಯ ಮುಂದಿನ ಜಾಗ ಕೊಡಲು ಕೂಡಲೇ ಒಪ್ಪಿದ. ಕಾರಣ, ಆ ಹನ್ನೆರಡರಲ್ಲಿ ನಾಲ್ಕನೆಯ ನಂಬರಿನ ಮರ ಅವನದೇ. ಹೊಲದ ಮೂಡಣ ಬದುವಿನಲ್ಲಿ ಲೈಟು ಕಂಬದ ಹಾಗೆ ಬೆಳೆದಿದ್ದ ಮರ ಅದು, ಎಲ್ಲಿಯೂ ಒಂದು ಗಂಟಿಲ್ಲ, ಕೊಂಕಿಲ್ಲ. ಊರಿಗೆ ಬಂದ ನೆಂಟರಿಗೆ ಅವನು ಮನೆಗಿಂತ ಮೊದಲು ಮರ ತೋರಿಸುತ್ತಿದ್ದ. ಒಂಬತ್ತನೆಯ ನಂಬರು ಬೋರಲಿಂಗಯ್ಯನ ಕೊಟ್ಟಿಗೆಯ ಪಕ್ಕದ ಮರ. ಎರಡು ತಲೆಮಾರಿನ ದನಗಳು ಮೈ ಉಜ್ಜಿ ಉಜ್ಜಿ ಆ ಮರ ಗೂನು ಬೆನ್ನಿನ ಅಜ್ಜನಂತೆ ನಿಂತಿತ್ತು. ಅದನ್ನೂ ಆರಿಸಿದ್ದಾರೆಂದು ಗೊತ್ತಾದಾಗ ರಾಮಲಿಂಗಯ್ಯ ಹೆಂಡತಿ ಕೆಂಚಮ್ಮನಿಗೆ, "ಇಸ್ಕೂಲ್ನಾಗೆ ಫೇಲಾಗೋರೂ ಬೇಕಲ್ಲ, ಅದ್ಕೆ ಮಡಿಕೊಂಡವ್ರೆ" ಅಂದ.

ಗಿಡಗಳ ಜವಾಬ್ದಾರಿ ಕವನಳದು. ಮಾಗಡಿಯ ಕಡೆಯ ಹುಡುಗಿ, ಅರಣ್ಯ ವಿಷಯದಲ್ಲಿ ಎಂ.ಎಸ್ಸಿ. ಮಾಡಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಮಂಗಳವಾರ, ಶುಕ್ರವಾರ ಬಸ್ಸಿಳಿದು ಬಂದು, ಗಿಡದ ಎತ್ತರ, ಬುಡದ ದಪ್ಪ ಅಳೆದು ದೊಡ್ಡ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ನೀರು ಹಾಕುವುದು ಕೆಂಚಮ್ಮ. ಗಿಡಗಳು ಬೇಗ ಎದ್ದವು. ಹಸಿರು ಬಲೆಯ ನೆರಳಿನಲ್ಲಿ ನಾನೂರ ಎಂಬತ್ತು ಗಿಡದ ಚೀಲಗಳು ಸಾಲಾಗಿ ನಿಂತದ್ದನ್ನು ನೋಡಲು ರಾಮಲಿಂಗಯ್ಯ ದಿನಕ್ಕೆ ನಾಲ್ಕು ಸಲ ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲುತ್ತಿದ್ದ.

ಜುಲೈ ಮೊದಲ ವಾರ ಅವನು ರೇಷ್ಮೆಗೂಡು ತೆಗೆದುಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದ. ಸಂಜೆ ಬಸ್ಸಿಳಿದು ನೋಡುತ್ತಾನೆ, ಗಿಡಗಳೆಲ್ಲ ಒಂದೇ ಕಡೆಗೆ ವಾಲಿವೆ. ಗಾಳಿಯೆದ್ದಿತೇನೋ ಅಂದುಕೊಂಡು ಓಡಿದ. ಗಾಳಿಯಲ್ಲ. ಒಂದೊಂದು ಗಿಡಕ್ಕೂ ಓರೆಯಾಗಿ ಒಂದೊಂದು ಬಿದಿರು ಕಡ್ಡಿ ಊರಿ, ಬಟ್ಟೆಯ ಚೂರಿನಿಂದ ಕಟ್ಟಿದ್ದರು.

"ಕವ್ನಮ್ಮ ಇಬ್ರು ಆಳು ಕರ್ಕಬಂದು ಕಟ್ಟಿಸ್ತು" ಅಂದಳು ಕೆಂಚಮ್ಮ. "ಪಾಪ, ಪಟ್ಟಣದಾಗೆ ಓದಿರೋ ಮಗ. ಕಡ್ಡಿ ನೆಟ್ಟಗೆ ಊರಕ್ಕೆ ಬರಲ್ಲ ಅಂತ ಕಾಣ್ತದೆ."

ಶುಕ್ರವಾರ ರಾಮಲಿಂಗಯ್ಯ ಕೇಳಿಯೇಬಿಟ್ಟ. ಕವನ, "ಅದು ಪ್ರಯೋಗ ಯಜಮಾನ್ರೇ, ಹಾಗೇ ಇರಬೇಕು" ಅಂದಳು. ಗಿಡ ನೋಡಿಕೊಳ್ಳುವವರಿಗೆ ಹೆಚ್ಚು ವಿವರ ಹೇಳಬಾರದು, ಹೇಳಿದರೆ ಒಂದಕ್ಕೆ ಅಕ್ಕರೆ ಒಂದಕ್ಕೆ ತಾತ್ಸಾರ ಆಗುತ್ತದೆ ಎಂದು ಅವಳ ಮೇಲಧಿಕಾರಿ ಮನೋಹರ್ ಅಪ್ಪಣೆ ಮಾಡಿದ್ದರು. ಅವಳು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಳು.

ಕಷ್ಟವಾದದ್ದು ಬಸ್ಸಿನಿಂದ. ಆ ರಸ್ತೆಯಲ್ಲಿ ಬೆಳಗ್ಗೆ ಆರೂವರೆಗೆ ಹಾರೋಹಳ್ಳಿಯ ಕಾರ್ಖಾನೆಯೊಂದರ ಬಸ್ಸು ಕೆಲಸದವರನ್ನು ತುಂಬಿಕೊಂಡು ಹೋಗುತ್ತಿತ್ತು. ಬೋರಲಿಂಗಯ್ಯ ಅದೇ ಕಾರ್ಖಾನೆಯಲ್ಲಿ ಗೇಟು ಕಾಯುತ್ತಿದ್ದ. ಐವತ್ತೈದನೆಯ ವಯಸ್ಸಿನಲ್ಲಿ ಸಿಕ್ಕ ಕಾಕಿ ಬಟ್ಟೆ, ಟೋಪಿ ಹಾಕಿಕೊಂಡು ಮುಂದಿನ ಕಿಟಕಿಯಲ್ಲೇ ಕೂರುತ್ತಿದ್ದ. ಮೊದಲನೆಯ ದಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಲೇ, ನೋಡ್ರಲಾ! ಗಿಡುಕ್ಕೆ ನೀರೇ ಹಾಕವ್ರೋ ಇಲ್ಲಾ ಬ್ಯಾರೆ ಏನಾರ ಕುಡಿಸವ್ರೋ?" ಅಂದ. ಬಸ್ಸು ನಕ್ಕಿತು. ಎರಡನೆಯ ದಿನ ಡ್ರೈವರ್ ಬೇಕೆಂದೇ ಅಲ್ಲಿ ನಿಧಾನ ಮಾಡಿದ. ಮೂರನೆಯ ದಿನ, ಶನಿವಾರ, ಬಸ್ಸಿನಲ್ಲಿದ್ದ ನಲವತ್ತು ಜನವೂ ಗಿಡಗಳು ಬಂದ ಕೂಡಲೇ ಒಟ್ಟಿಗೆ ಬಲಗಡೆಗೆ ಕತ್ತು ವಾಲಿಸಿ ಕೂತರು. ಹೆಂಗಸರೂ ವಾಲಿದ್ದರು. ಡ್ರೈವರೂ ವಾಲಿದ್ದ. ಹಲ್ಲುಜ್ಜುತ್ತ ನಿಂತಿದ್ದ ರಾಮಲಿಂಗಯ್ಯ ಬೇವಿನಕಡ್ಡಿ ಎಸೆದು ಒಳಗೆ ಹೋದ.

ಭಾನುವಾರ ಬೆಳಗ್ಗೆಯೇ ಹುರಿ ಹಿಡಿದು ಹೊರಟ. ಕೆಂಚಮ್ಮ, "ಆ ಮಗ ಹಂಗೇ ಇರ್ಲಿ ಅಂದೈತೆ, ಸುಮ್ಕಿರಿ ಅತ್ಲಾಗೆ" ಅಂದಳು.

"ಅದ್ಕೆ ನಾಚ್ಕೆ ಆಗ್ಬಾರ್ದು ಅಂತ ಹಂಗಂದೈತೆ ಕಣೆ. ತಪ್ಪಾಗೈತೆ ಅಂತ ಯಾರಾನಾ ಒಪ್ಕತಾರಾ? ನಾವೇ ಸರಿ ಮಾಡ್ಬುಟ್ರೆ ಅದ್ಕೂ ಹಗುರ."

ಹುರಿಯ ಒಂದು ತುದಿ ಕೆಂಚಮ್ಮ ಹಿಡಿದಳು. ನಾನೂರ ಎಂಬತ್ತು ಕಟ್ಟು ಬಿಚ್ಚಿ, ನಾನೂರ ಎಂಬತ್ತು ಕಡ್ಡಿ ಕಿತ್ತು ನೆಟ್ಟಗೆ ಊರಿ, ಮತ್ತೆ ಕಟ್ಟಿದ್ದಾಯಿತು. ಸಂಜೆ ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಸೋಮವಾರ ಬಸ್ಸು ಬಂದಾಗ ಯಾರೂ ವಾಲಲಿಲ್ಲ. ಬೋರಲಿಂಗಯ್ಯ ಟೋಪಿ ಸರಿಮಾಡಿಕೊಂಡು ಮುಂದೆ ನೋಡುತ್ತ ಹೋದ. ರಾಮಲಿಂಗಯ್ಯ ಅವತ್ತು ಒಂದು ಮುದ್ದೆ ಹೆಚ್ಚು ಉಂಡ.

ಆ ಮಂಗಳವಾರ ಕವನ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಜ್ವರ ಹಿಡಿದು ಮಾಗಡಿಯಲ್ಲಿ ಮಲಗಿದ್ದಳು. ಅದರ ಮುಂದಿನ ಮಂಗಳವಾರ ಬಂದು, ಬಲೆಯ ಬಾಗಿಲು ತೆಗೆದು, ಒಳಗೆ ಎರಡು ಹೆಜ್ಜೆ ಇಟ್ಟು, ಚೀಲಗಳ ನಡುವೆ ಕೂತೇಬಿಟ್ಟಳು. ಇನ್ನೂ ಸುಸ್ತು ಹೋಗಿಲ್ಲವೇನೋ ಎಂದು ಕೆಂಚಮ್ಮ ಮಜ್ಜಿಗೆ ತಂದಳು.

"ಯಾರಮ್ಮಾ ಇದನ್ನ ಮಾಡಿದ್ದು?"

ರಾಮಲಿಂಗಯ್ಯ ಮುಂದೆ ಬಂದ. ಹೊಗಳಿಕೆ ಕೇಳಲು ತಯಾರಾಗಿದ್ದ. "ನಾವೇ ಕಣವ್ವ. ಹುರಿ ಇಕ್ಕಿ ಮಾಡಿದ್ದು. ಒಂದು ನೂಲು ಆಚೀಚೆ ಇಲ್ಲ."

ಕವನಳ ಕಣ್ಣಲ್ಲಿ ನೀರು ಬಂತು. ಇನ್ನು ಹತ್ತು ದಿನಕ್ಕೆ ಮನೋಹರ್ ಸರ್ ಬರುವುದಿದೆ, ಬೆಂಗಳೂರಿನ ದೊಡ್ಡ ಅಧಿಕಾರಿಯೊಬ್ಬರೂ ಜೊತೆಗಿರುತ್ತಾರೆ, ತನ್ನ ಕೆಲಸ ಹೋಯಿತು ಅಂದಳು. ಮೇಲಧಿಕಾರಿಯ ಅಪ್ಪಣೆಯನ್ನು ಬದಿಗಿಟ್ಟು ಎಲ್ಲ ಹೇಳಿದಳು. ವಾಲಿಸಿ ಕಟ್ಟಿದ ಗಿಡ ಎದ್ದು ನಿಲ್ಲಲು ಹೆಣಗುತ್ತದೆ. ಹಗ್ಗ ಹಾಕಿ ಜಗ್ಗಿದ ಹಾಗೆ ತನ್ನ ಕಾಂಡವನ್ನು ಮೇಲಕ್ಕೆಳೆಯಲು ಮೇಲುಮಗ್ಗುಲಲ್ಲಿ ಒಂದು ಥರದ ಬಿಗಿಯಾದ ಮರ ಬೆಳೆಸುತ್ತದೆ. ಕೆಳಮಗ್ಗುಲಲ್ಲಿ ಸಾದಾ ಮರ ಇರುತ್ತದೆ. ನೇರ ನಿಂತ ಎಳೆ ಗಿಡದಲ್ಲಿ ಇವೆರಡೂ ಕಲಸಿಹೋಗಿರುತ್ತವೆ. ಓರೆ ಕಟ್ಟಿದರೆ ಮಾತ್ರ ಬೇರೆ ಬೇರೆಯಾಗಿ ಸಿಗುತ್ತವೆ. ಆಮೇಲೆ ಎರಡನ್ನೂ ಒಣಗಿಸಿ, ಯಾವ ಮರದ ಮಕ್ಕಳು ಎಷ್ಟು ಬಿಗಿಯುತ್ತವೆ, ಎಷ್ಟು ಕುಗ್ಗುತ್ತವೆ ಎಂದು ಅಳೆದರೆ ಎಂಟು ತಿಂಗಳಿಗೇ ಗುಣ ತಿಳಿಯುತ್ತದೆ.

ಕೆಂಚಮ್ಮನಿಗೆ ಕೂಡಲೇ ಅರ್ಥವಾಯಿತು. "ಅಂದ್ರೆ ಸೊಸೆ ತರೋಕ್ ಮುಂಚೆ ಒಸಿ ರೇಗಿಸಿ ನೋಡ್ದಂಗೆ. ಸುಮ್ಕೆ ಕುಂತಿದ್ರೆ ಎಲ್ರೂ ಒಳ್ಳೇರೇಯ."

"ಹೂಂ ಕಣಮ್ಮಾ. ನಾನು ಮೊದಲೇ ಹೇಳಬೇಕಿತ್ತು."

ರಾಮಲಿಂಗಯ್ಯ ಪಕ್ಕದ ಮನೆಗೆ ಹೋಗಿ, ಏಳನೇ ಕ್ಲಾಸಿನ ಪುಟ್ಟಿಯ ಕಂಪಾಸ್ ಪೆಟ್ಟಿಗೆಯಿಂದ ಮೂರು ಮೂಲೆಯ ಪಟ್ಟಿ ಕೇಳಿ ತಂದ. ಅವತ್ತು ಮಧ್ಯಾಹ್ನದಿಂದ ಮಾರನೆಯ ದಿನ ಸಂಜೆಯವರೆಗೆ ಮೂವರೂ ಸೇರಿ ಗಿಡಗಳನ್ನು ಮತ್ತೆ ಓರೆ ಕಟ್ಟಿದರು. ಕವನ ಕಟ್ಟಿಸಿದ್ದಾಗ ಒಂದು ಹೆಚ್ಚು ಒಂದು ಕಡಿಮೆ ವಾಲಿದ್ದವು. ಈಗ ರಾಮಲಿಂಗಯ್ಯ ಒಂದೊಂದಕ್ಕೂ ಪಟ್ಟಿ ಹಿಡಿದು ನಲವತ್ತೈದು ಡಿಗ್ರಿಗೆ ತಂದು ನಿಲ್ಲಿಸಿದ. ಕವನ ಪುಸ್ತಕದಲ್ಲಿ, 'ಜುಲೈ ಹನ್ನೊಂದರಿಂದ ಇಪ್ಪತ್ತರವರೆಗೆ ಎಲ್ಲ ಗಿಡಗಳೂ ನೇರವಾಗಿದ್ದವು' ಎಂದು ಬರೆದಳು. ಕಾರಣ ಬರೆಯುವ ಜಾಗದಲ್ಲಿ ಪೆನ್ನು ನಿಂತಿತು. ಕೊನೆಗೆ, 'ಜಾಗದ ಮಾಲೀಕರ ಸದುದ್ದೇಶ' ಎಂದು ತುಂಬಿಸಿದಳು.

ಬಸ್ಸಿನವರು ಮತ್ತೆ ಕತ್ತು ವಾಲಿಸಿದರು. ಈ ಸಲ ರಾಮಲಿಂಗಯ್ಯ ಒಳಗೆ ಹೋಗಲಿಲ್ಲ. ರಸ್ತೆಯಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತು, "ನಲವತ್ತೈದು ಡಿಗ್ರಿ ಕಣ್ರಲಾ! ನಿಮ್ಮೋವು ಮೂವತ್ತೂ ಇಲ್ಲ, ಇನ್ನೊಸಿ ಬಗ್ಸಿ!" ಎಂದು ಕೂಗಿದ. ಎರಡು ದಿನದಲ್ಲಿ ಅವರಿಗೆ ಬೇಸರ ಬಂತು.

ಆದರೆ ದಾರಿಹೋಕರದು ಬೇರೆ ಕಾಟ. ಓರೆ ಗಿಡ ಕಂಡರೆ ಯಾರ ಕೈಯೂ ಸುಮ್ಮನಿರುವುದಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು. ಮೇವಿನ ಹೊರೆ ಹೊತ್ತ ದೊಡ್ಡಲಕ್ಷ್ಮಮ್ಮ ಹೊರೆ ಇಳಿಸಿ, ಬಲೆಯ ಸಂದಿಯಲ್ಲಿ ಕೈ ತೂರಿಸಿ ಎರಡು ಗಿಡ ನೆಟ್ಟಗೆ ಮಾಡಿ ಹೋದಳು. ಅಂಚೆಯವನು ಮೂರು ಗಿಡ ಎತ್ತಿ ಕಟ್ಟಿದ. ರಾಮಲಿಂಗಯ್ಯ 'ಗಿಡಗಳನ್ನು ನೇರ ಮಾಡಬಾರದು' ಎಂದು ಬೋರ್ಡು ಬರೆಸಿ ಹಾಕಿದ ಮೇಲೆ ಇನ್ನೂ ಹೆಚ್ಚಾಯಿತು. ಬೋರ್ಡು ಓದಲು ನಿಂತವರೆಲ್ಲ, ಯಾಕೆ ಮಾಡಬಾರದು ಎಂದು ಒಂದನ್ನು ಮಾಡಿ ನೋಡುತ್ತಿದ್ದರು. ಕೊನೆಗೆ ಅವನು ಬೋರ್ಡು ಕಿತ್ತು, ಅದೇ ಹಲಗೆಯ ಮೇಲೆ ಕೂತು ಕಾಯತೊಡಗಿದ.

ಮನೋಹರ್ ಮತ್ತು ಬೆಂಗಳೂರಿನ ಅಧಿಕಾರಿ ಜೀಪಿನಲ್ಲಿ ಬಂದಿಳಿದ ದಿನ ಕವನ ಬೆಳಗಿನಿಂದ ಏನೂ ತಿಂದಿರಲಿಲ್ಲ. ಮನೋಹರ್ ಪುಸ್ತಕ ತೆರೆದು ನೋಡುತ್ತ ನಿಂತರು. ಅಧಿಕಾರಿ ಗಿಡಗಳ ಸಾಲಿನಲ್ಲಿ ನಡೆಯುತ್ತ, ಬೊಂಬೆಯ ಕಸುಬು ಉಳಿಯಬೇಕು, ನಾಳಿನ ಮರ ಇಂದಿನ ಗಿಡದಲ್ಲಿದೆ ಎಂದೆಲ್ಲ ಚೆನ್ನಾಗಿ ಮಾತಾಡುತ್ತಿದ್ದರು. ಮಾತಾಡುತ್ತಲೇ ಅವರ ಎಡಗೈ ಒಂದು ಗಿಡದ ಕಟ್ಟು ಬಿಚ್ಚಿತು. ಬಲಗೈ ಗಿಡವನ್ನು ಮೆಲ್ಲಗೆ ಎತ್ತಿ ನಿಲ್ಲಿಸಿತು.

"ಕೈ ತೆಗೀರಿ ಸ್ವಾಮೀ!"

ಅಧಿಕಾರಿ ಬೆಚ್ಚಿ ಕೈ ಮೇಲೆತ್ತಿದರು. ರಾಮಲಿಂಗಯ್ಯ ಓಡಿ ಬಂದು, ಗಿಡವನ್ನು ಮತ್ತೆ ವಾಲಿಸಿ, ಜೇಬಿನಿಂದ ಪಟ್ಟಿ ತೆಗೆದು ಅಳತೆ ನೋಡಿ ಕಟ್ಟಿದ. ಆಮೇಲೆ ಯಾರ ಮುಂದೆ ಕೂಗಿದೆನೆಂದು ಅರಿವಾಗಿ ಟವೆಲ್ಲು ಹೆಗಲಿಂದ ಕೆಳಗಿಳಿಸಿದ.

"ತಪ್ಪಾಯ್ತು ಬುದ್ಧೀ. ನಂಗೂ ನಿಮ್ಮಂಗೇ ಆಗಿತ್ತು. ನಾನ್ ಎಲ್ಲಾನೂ ನೆಟ್ಟಗೆ ಮಾಡ್ಬುಟ್ಟಿದ್ದೆ, ಪೂರ್ತಿ ನಾನೂರ ಎಂಬತ್ತು. ಆ ಮಗೀದು ಏನೂ ತಪ್ಪಿಲ್ಲ. ಅದು ಕುಂತು ಅತ್ಬುಡ್ತು."

ಮನೋಹರ್ ಪುಸ್ತಕದಿಂದ ತಲೆಯೆತ್ತಿದರು. ಅವರು ಆಗ ತಾನೆ 'ಸದುದ್ದೇಶ'ದ ಸಾಲಿಗೆ ಬಂದಿದ್ದರು. ಅವರ ಮುಖ ಬಿಗಿಯಿತು. ಅಧಿಕಾರಿ ಮಾತ್ರ ತಮ್ಮ ಕೈಗಳನ್ನು ನೋಡಿಕೊಂಡು ಜೋರಾಗಿ ನಕ್ಕರು. ಅವರು ನಕ್ಕ ಮೇಲೆ ಮನೋಹರ್ ಕೂಡ ನಗಬೇಕಾಯಿತು. ಹತ್ತು ದಿನ ಎಲ್ಲ ಗಿಡಕ್ಕೂ ಒಂದೇ ಥರ ಆಗಿರುವುದರಿಂದ ತೊಂದರೆಯಿಲ್ಲ, ಬರೆದಿಟ್ಟದ್ದು ಒಳ್ಳೆಯದಾಯಿತು ಅಂದರು. ಜೀಪು ಹತ್ತುವಾಗ ಕವನಳಿಗೆ, "ಇನ್ನು ಮೇಲೆ ಇವರಿಗೆ ಎಲ್ಲ ಹೇಳಿಬಿಡಿ" ಎಂದೂ ಸೇರಿಸಿದರು.

ಎಲ್ಲ ಹೇಳಿದ್ದಳಾದರೂ ಒಂದು ಮಾತು ರಾಮಲಿಂಗಯ್ಯನ ತಲೆಗೆ ಹೋಗಿರಲಿಲ್ಲ. ಫೆಬ್ರವರಿಯಲ್ಲಿ ಕವನ ಕತ್ತರಿ, ಕವರುಗಳ ಸಮೇತ ಬಂದಿಳಿದಾಗ ಅದೂ ತಲೆಗೆ ಹೋಯಿತು. ಗಿಡಗಳನ್ನೆಲ್ಲ ಕತ್ತರಿಸುತ್ತಾರೆ! ಅವನು ಬಲೆಯ ಬಾಗಿಲಿಗೆ ಅಡ್ಡ ನಿಂತ.

"ಎಂಟು ತಿಂಗ್ಳು ಕಾದಿವ್ನಿ ಕಣವ್ವ. ಎಮ್ಮೆ ಬುಟ್ಟಿಲ್ಲ, ಮೇಕೆ ಬುಟ್ಟಿಲ್ಲ, ಅಂಚೆಯೋನ್ನೂ ಬುಟ್ಟಿಲ್ಲ. ಈಗ ನೀನೇ ಕತ್ರಿ ತಂದಿದ್ದೀಯಾ?"

"ಒಳಗೆ ನೋಡೋಕೆ ಬೇರೆ ದಾರಿ ಇಲ್ಲ ಯಜಮಾನ್ರೇ. ಆಲೆ ಅಲ್ವಾ, ಬುಡ ಬಿಟ್ಟರೆ ತಿಂಗಳಿಗೇ ಚಿಗುರುತ್ತೆ. ಬೇಕಾದರೆ ನೀವೇ ಬುಡದ ಲೆಕ್ಕ ಇಟ್ಕೊಳ್ಳಿ."

ಕೆಂಚಮ್ಮ ಗಂಡನನ್ನು ಕೈಹಿಡಿದು ಮನೆಗೆ ಕರೆದುಕೊಂಡು ಹೋದಳು. ಕತ್ತರಿಸಿ ಮುಗಿಯುವವರೆಗೆ ಅವನು ಹೊರಗೆ ಬರಲಿಲ್ಲ. ಮುಗಿದ ಮೇಲೆ ಬಂದು, ಹಾಲು ಸುರಿಸುತ್ತಿದ್ದ ಮೋಟುಗಳಿಗೆಲ್ಲ ಒಂದೊಂದು ಚೊಂಬು ನೀರು ಹಾಕಿದ.

ಮಾರ್ಚಿ ಕೊನೆಗೆ ಕವನ ಫಲಿತಾಂಶದ ಹಾಳೆ ಹಿಡಿದು ಬಂದಳು. ಜಗಲಿಯ ಮೇಲೆ ಕೂತು, ಒಣಗಿದಾಗ ಎಲ್ಲಕ್ಕಿಂತ ಕಡಿಮೆ ಕುಗ್ಗಿದ್ದು, ಎಳೆ ನುಣುಪಾಗಿದ್ದು ಒಂಬತ್ತನೆಯ ಮರದ ಮಕ್ಕಳು ಎಂದಳು. ರಾಮಲಿಂಗಯ್ಯ ಬೋರಲಿಂಗಯ್ಯನ ಗೂನು ಮರವನ್ನು ನೆನೆದು ಮುಖ ಸಿಂಡರಿಸಿಕೊಂಡ. "ಆಯ್ತು, ನಮ್ದು ಎಲ್ಲೈತೆ? ಎರಡ್ನೇದಾ?"

ಕವನ ಹಾಳೆ ಮಡಿಸಲು ನೋಡಿದಳು.

"ಮೂರ್ನೇದಾ?"

"ಹನ್ನೆರಡನೆಯದು ಯಜಮಾನ್ರೇ."

"ಹನ್ನೆರಡು ಅಂದ್ರೆ ಕೊನೇದಲ್ವಾ?" ಎಂದಳು ಕೆಂಚಮ್ಮ. ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನೆಟ್ಟಗೆ ಮಾಡಿದ್ದರಿಂದ ಹೀಗಾಗಿರಬೇಕು ಅಂದ ರಾಮಲಿಂಗಯ್ಯ. ಎಲ್ಲವೂ ಅಷ್ಟೇ ದಿನ ನೆಟ್ಟಗಿದ್ದವು ಎಂದಳು ಕವನ. ಕತ್ತರಿ ಮೊಂಡಾಗಿತ್ತು ಅಂದ. ಅದೂ ಎಲ್ಲಕ್ಕೂ ಒಂದೇ ಕತ್ತರಿ. ಎಳೆ ಗಿಡದ ಮಾತು ಬೇಡ, ಬೆಳೆದ ಮರವನ್ನೇ ಬೊಂಬೆ ಮಾಡುವ ಯಂತ್ರಕ್ಕೆ ಹಾಕಿ ತಿರುಗಿಸಿ ನೋಡೋಣ ಅಂದ. ಕವನ ತಡೆಯಲು ನೋಡಿದಳು. ಅವನು ಕೇಳಲಿಲ್ಲ. ಎರಡು ದಿನ ಮೂಡಣ ಬದುವಿಗೆ ಹೋಗಿ ಬಂದು, ಮೂರನೆಯ ದಿನ ಗರಗಸದವರನ್ನು ಕರೆಸಿ, ಬುಡದಲ್ಲಿ ಒಂದು ಮೊಳ ಬಿಟ್ಟು, ಲೈಟು ಕಂಬದಂಥ ಆ ಮರವನ್ನು ಉರುಳಿಸಿದ.

ಆದರೆ ಹೋಲಿಸಿ ನೋಡಲು ಇನ್ನೊಂದು ದಿಮ್ಮಿ ಬೇಕಿತ್ತು. ಮಾರನೆಯ ಬೆಳಗ್ಗೆ ಆರೂವರೆಗೆ ಅವನು ರಸ್ತೆಗೆ ಹೋಗಿ ಬಸ್ಸಿಗೆ ಕೈ ಅಡ್ಡ ಹಿಡಿದ. ಕಿಟಕಿಯ ಹತ್ತಿರ ಹೋಗಿ ನಿಂತ. ಬೋರಲಿಂಗಯ್ಯ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ನಿನ್ ಕೊಟ್ಟಿಗೆ ತಾವಿರೋ ಆಲೆ ಮರದಾಗೆ ಒಂದ್ ತುಂಡು ಬೇಕಾಗಿತ್ತು" ಅಂದ ರಾಮಲಿಂಗಯ್ಯ.

"ಯಾಕ್ಲಾ, ಸೌದೆಗಾ?"

"ಅಳತೇಲಿ ನಿನ್ ಮರದ ಮಕ್ಳು ಮೊದಲ್ನೇವು. ನಂದು ಕೊನೇವು. ನಾನು ನಂಬಲ್ಲ. ಚನ್ನಪಟ್ಣದಾಗೆ ಗಫಾರ್ ಸಾಬ್ರ ತಾವ ಕೊಟ್ಟು ತಿರುಗಿಸಿ ನೋಡ್ಬೇಕು."

ಬಸ್ಸಿನವರೆಲ್ಲ ಕಿಟಕಿಗೆ ಬಂದರು. ನಾಲ್ಕು ವರ್ಷದಿಂದ ಮಾತು ಬಿಟ್ಟವನು, ತಾನು ಸೋತಿರುವ ಸುದ್ದಿಯನ್ನು ತಾನೇ ನಡುರಸ್ತೆಯಲ್ಲಿ ನಿಂತು ಹೇಳುತ್ತಿದ್ದಾನೆ. ಬೋರಲಿಂಗಯ್ಯ ಊಟದ ಡಬ್ಬಿ ತೆಗೆದುಕೊಂಡು ಬಸ್ಸಿಳಿದ. ಗೇಟಿನ ಕೆಲಸಕ್ಕೆ ಸೇರಿದ ಮೇಲೆ ಅವನು ರಜ ಹಾಕಿದ್ದು ಅದೇ ಮೊದಲು.

ಎರಡೂ ದಿಮ್ಮಿಗಳು ಗಫಾರ್‌ನ ಅಂಗಳದಲ್ಲಿ ಎರಡು ತಿಂಗಳು ಒಣಗಿದವು. ಗಫಾರ್ ಮೂವತ್ತು ವರ್ಷದಿಂದ ಬೊಂಬೆ ಮಾಡುತ್ತಿದ್ದವನು. ಬೀಜ ಆರಿಸುವ ಕಾಲದಿಂದ ಕವನಳಿಗೂ ಪರಿಚಯ. ಅವನು ಹೇಳಿಕಳಿಸಿದ ದಿನ ಅವಳು ಬೆಂಗಳೂರಿನಿಂದ ಬಂದಳು, ಕೋಡಿಹಳ್ಳಿಯಿಂದ ಮೂವರು ಬಂದರು. ದಾಯಾದಿಗಳಿಬ್ಬರೂ ಯಂತ್ರದ ಎರಡು ಕಡೆ, ಆಪರೇಷನ್ ಕೋಣೆಯ ಹೊರಗೆ ಕೂತ ನೆಂಟರ ಹಾಗೆ, ಮಣೆ ಹಾಕಿಕೊಂಡು ಕೂತರು.

ಗಫಾರ್ ಮೊದಲು ಬೋರಲಿಂಗಯ್ಯನ ದಿಮ್ಮಿ ತೆಗೆದುಕೊಂಡ. ಅರ್ಧ ಗಂಟು, ಕಾಲು ಪೊಟರೆ. ಬಿಸಾಡಿ ಬಿಸಾಡಿ ಕೊನೆಗೆ ಎರಡು ಮೊಳದಷ್ಟು ಉಳಿಯಿತು. ಬೋರಲಿಂಗಯ್ಯ ಬೆವರು ಒರೆಸಿಕೊಂಡ. ಉಳಿದದ್ದರಲ್ಲಿ ಒಂದು ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಉಳಿ ಹಿಡಿದಾಗ ಬೆಣ್ಣೆಯ ಮೇಲೆ ಓಡಿದ ಹಾಗೆ ಓಡಿತು. ಬಿಳಿ ಸಿಪ್ಪೆ ಸುರುಳಿ ಸುರುಳಿಯಾಗಿ ಬಿತ್ತು. ಕೆಂಪು ಅರಗು ಹಚ್ಚಿ ಬುಗುರಿ ಮಾಡಿ ಬಿಟ್ಟ. ಬುಗುರಿ ನೆಲದ ಮೇಲೆ ನಿಂತಲ್ಲೇ ನಿಂತು ತಿರುಗಿತು. ತಿರುಗುತ್ತಿದೆಯೋ ಇಲ್ಲವೋ ಎಂದು ಕೆಂಚಮ್ಮ ಬಗ್ಗಿ ನೋಡಿದಳು.

ರಾಮಲಿಂಗಯ್ಯನ ದಿಮ್ಮಿಯಲ್ಲಿ ಬಿಸಾಡುವಂಥದ್ದೇನೂ ಇರಲಿಲ್ಲ. ತುದಿಯಲ್ಲಿ ಮಾತ್ರ ನಕ್ಷತ್ರದ ಹಾಗೆ ಬಿರುಕು ಬಿಟ್ಟಿತ್ತು. ಗಫಾರ್ ಅದನ್ನು ಉದ್ದಕ್ಕೆ ಸೀಳಿದ ಕೂಡಲೇ ಎರಡು ಹೋಳುಗಳೂ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದವು. ಉಳಿ ಇಟ್ಟರೆ ನಾರು ನಾರಾಗಿ ಎದ್ದಿತು, ಅರಗು ಹಿಡಿಯಲಿಲ್ಲ. ಹೇಗೋ ಬುಗುರಿ ಮಾಡಿ ಬಿಟ್ಟಾಗ ಅದು ಎರಡು ಸುತ್ತು ಕುಂಟಿ, ಮಂಚದ ಕೆಳಗೆ ಹೋಗಿ ಮಲಗಿತು.

"ಯಾಕೆ ಹಿಂಗೆ?" ಎಂದು ಕೇಳಿದ ರಾಮಲಿಂಗಯ್ಯ. ದನಿ ಸಣ್ಣದಾಗಿತ್ತು.

ಕವನ ಬಾಗಿದ ಹೋಳನ್ನು ಕೈಗೆತ್ತಿಕೊಂಡಳು. "ಒಳಗಡೆ ತುಂಬಾ ಬಿಗಿ ಯಜಮಾನ್ರೇ. ಹುಟ್ಟಿದಾಗಿನಿಂದ ನೆಟ್ಟಗೆ ನಿಲ್ಲಬೇಕು, ನೆಟ್ಟಗೆ ನಿಲ್ಲಬೇಕು ಅಂತ ಎಳೆದುಕೊಂಡೇ ಬೆಳೆದಿದೆ. ಸೀಳಿದ ಕೂಡಲೇ ಆ ಬಿಗಿ ಬಿಟ್ಟುಹೋಯ್ತು."

ಕೆಂಚಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅದು ಬೆಳೆದಿದ್ದೂ ನಮ್ ಹೊಲದಾಗೇ ಅಲ್ವಾ" ಅಂದಳು. ಬೋರಲಿಂಗಯ್ಯನಿಗೆ ತಡೆಯಲಾಗಲಿಲ್ಲ, ಮಣೆಯ ಮೇಲೇ ಹೊರಳಾಡಿ ನಕ್ಕ. ಅವನು ನಗುವುದನ್ನು ಬಿಗಿದ ಮುಖದಲ್ಲಿ ಸ್ವಲ್ಪ ಹೊತ್ತು ನೋಡಿ ರಾಮಲಿಂಗಯ್ಯನೂ ನಕ್ಕುಬಿಟ್ಟ.

ಗಫಾರ್‌ಗೆ ಇವರ ನಗು ಬೇಕಿರಲಿಲ್ಲ. "ನಗೋದು ಆಮೇಲೆ ಯಜಮಾನ್ರೇ, ನನ್ನ ಕಷ್ಟ ಕೇಳಿ. ಇವರ ಮರ ಒಳಗೆ ಚಿನ್ನ, ಆದ್ರೆ ಎರಡು ಮೊಳ. ನಿಮ್ಮ ಮರ ಎಂಟು ಅಡಿ ಉದ್ದ, ಒಳಗೆ ನಾರು. ನಂಗೆ ಅವರ ಒಳಗು, ನಿಮ್ಮ ಉದ್ದ, ಎರಡೂ ಇರೋ ಮರ ಬೇಕು. ಎರಡಕ್ಕೂ ಮದುವೆ ಮಾಡ್ಸಿ."

"ಮರಕ್ಕೆ ಎಂಥಾ ಮದ್ವೆ!" ಅಂದ ಬೋರಲಿಂಗಯ್ಯ.

"ಆಗಿಯೇ ಇರಬಹುದು" ಎಂದಳು ಕವನ. "ನಾವು ಬೀಜ ತಂದಿದ್ದು ತಾಯಿ ಮರದಿಂದ. ತಂದೆ ಯಾರು ಅಂತ ನಮಗೆ ಗೊತ್ತಿಲ್ಲ. ಹುಳ ಹುಪ್ಪಟೆ ಹೂವಿಂದ ಹೂವಿಗೆ ಹೋಗಿ ಆಗೋದು ಅದು. ಸಾಮಾನ್ಯವಾಗಿ ಹತ್ತಿರದ ಮರಾನೇ ಇರುತ್ತೆ."

ರಾಮಲಿಂಗಯ್ಯ ಎದ್ದು ನಿಂತ. "ಅವನ ಕೊಟ್ಟಿಗೇಗೂ ನನ್ ಬದೀಗೂ ನಡುವೆ ಒಂದೇ ಹೊಲ ಐತೆ. ಅತ್ಲಾಗೆ ಇನ್ನೊಂದು ಆಲೆ ಮರ ಇಲ್ಲ!"

ಕವನ ಚೀಲದಿಂದ ಪುಸ್ತಕ ತೆಗೆದು ನೋಡಿದಳು. ಒಂಬತ್ತನೆಯ ನಂಬರಿನ ನಲವತ್ತು ಗಿಡಗಳಲ್ಲಿ ಹದಿನಾರು ಉಳಿದವಕ್ಕಿಂತ ಎತ್ತರ ಬೆಳೆದಿದ್ದವು, ಒಳಗಿನ ಗುಣವೂ ಚೆನ್ನಾಗಿತ್ತು. ತಂದೆ ಇಂಥದ್ದೇ ಎಂದು ಇದರಿಂದ ಹೇಳಲಾಗುವುದಿಲ್ಲ ಎಂದು ಅವಳು ವಿವರಿಸತೊಡಗಿದ್ದಳು.

"ಆ ಹದ್ನಾರೂ ನಮ್ ಕಡೇವು" ಅಂದುಬಿಟ್ಟ ರಾಮಲಿಂಗಯ್ಯ.

"ಹೆತ್ತಿದ್ದು ನಮ್ಮದು ಕಣ್ಲಾ!"

"ಹೆತ್ರೆ ಆಯ್ತಾ? ಎತ್ತರ ಎಲ್ಲಿಂದ ಬಂತು?"

ಚನ್ನಪಟ್ಟಣದಿಂದ ಕನಕಪುರದವರೆಗೂ, ಅಲ್ಲಿ ಬಸ್ಸು ಬದಲಿಸಿ ಕೋಡಿಹಳ್ಳಿಯವರೆಗೂ ಜಗಳ ನಡೆಯಿತು. ನಾಲ್ಕು ವರ್ಷ ಆಡದ ಮಾತುಗಳನ್ನೆಲ್ಲ ಇಬ್ಬರೂ ಅವತ್ತೇ ಆಡಿ ತೀರಿಸಿದರು. ಇಳಿಯುವ ಹೊತ್ತಿಗೆ ಒಬ್ಬರನ್ನೊಬ್ಬರು 'ಬೀಗರೇ' ಎಂದು ಕರೆಯತೊಡಗಿದ್ದರು. ಮೊದಲಿಗೆ ಅದು ಬೈಗುಳವಾಗಿತ್ತು, ಆಮೇಲೆ ಅಭ್ಯಾಸವಾಯಿತು.

ಜೂನ್ ಮಳೆ ಬಿದ್ದಾಗ ಸಂಸ್ಥೆಯವರು ಆ ಹದಿನಾರು ಗಿಡಗಳ ಚಿಗುರಿದ ಬುಡಗಳನ್ನು ರೈತರಿಗೇ ಬಿಟ್ಟುಕೊಟ್ಟರು. ಕವನಳ ಕೆಲಸ ಇನ್ನೆರಡು ವರ್ಷಕ್ಕೆ ಮುಂದುವರಿಯಿತು. ಈ ಗಿಡಗಳನ್ನು ವರ್ಷಕ್ಕೊಮ್ಮೆ ಅಳೆಯುವುದೂ ಅದರಲ್ಲಿ ಸೇರಿತ್ತು. ಹದಿನಾರನ್ನೂ ಇಬ್ಬರ ಹೊಲದ ನಡುವಿನ ಬದುವಿನಲ್ಲಿ ನೆಟ್ಟರು. ನೆಟ್ಟ ಮೇಲೆ ಬೀಗರ ಊಟ ಆಗಲೇಬೇಕೆಂದು ಬೋರಲಿಂಗಯ್ಯ ಹಟ ಹಿಡಿದ. ಊಟ ಹಾಕಬೇಕಾದ್ದು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂದು ಮತ್ತೆ ಒಂದು ವಾರ ಮಾತು ನಡೆಯಿತು. ಕೊನೆಗೆ ಕೆಂಚಮ್ಮ, ಎರಡು ಮನೆಯಿಂದಲೂ ಎರಡೆರಡು ಹುಂಜ ಬರಲಿ, ಅಡುಗೆ ನಾನು ಮಾಡುತ್ತೇನೆ, ಇಬ್ಬರೂ ಬಾಯಿ ಮುಚ್ಚಿಕೊಂಡು ಉಣ್ಣಿ ಎಂದು ತೀರ್ಮಾನ ಮಾಡಿದಳು.

ಭಾನುವಾರ ಆಲೆ ಗಿಡಗಳ ಪಕ್ಕದಲ್ಲೇ ಚಾಪೆ ಹಾಸಿ ಉಂಡರು. ಗಫಾರ್ ಚನ್ನಪಟ್ಟಣದಿಂದ ಬಂದಿದ್ದ. ಲಿಂಗಾಯತರ ಮನೆಯ ಹುಡುಗಿ ಕವನಳಿಗೆ ಬೇರೆ ಒಲೆಯಲ್ಲಿ ಒಬ್ಬಟ್ಟು, ಒಬ್ಬಟ್ಟಿನ ಸಾರು ಆಗಿತ್ತು. ಅವಳು ಮೂರನೆಯ ಒಬ್ಬಟ್ಟಿಗೆ ಸಾಕು ಅಂದರೂ ಕೇಳದೆ ಇಬ್ಬರು ಬೀಗರೂ ಎರಡು ಕಡೆಯಿಂದ ತುಪ್ಪ ಹಾಕುತ್ತಲೇ ಇದ್ದರು.